ಒಂದೇ ನೆಗೆಟಿವ್, ಎರಡು ಆಕಾಶ

ಕೇಳುಗರಿಗೆ ನಮಸ್ಕಾರ.

ಛಾಯಾಚಿತ್ರ ಸಂಗ್ರಹಾಲಯಕ್ಕೆ ಹೋದವರು ಗೋಡೆಯ ಮೇಲಿನ ಚಿತ್ರಗಳನ್ನು ನೋಡಿ ಹೊರಗೆ ಬಂದುಬಿಡುತ್ತಾರೆ. ನಾನೂ ಹಾಗೆ ಬಂದುಬಿಟ್ಟಿದ್ದರೆ ಇಂದು ನಿಮಗೆ ಹೇಳಲು ಏನೂ ಇರುತ್ತಿರಲಿಲ್ಲ.

ಅಮೆರಿಕದ ಟೂಸಾನ್ ನಗರದಲ್ಲಿ, ಅರಿಜೋನಾ ವಿಶ್ವವಿದ್ಯಾಲಯದ ಆವರಣದೊಳಗೆ, ‘ಸೆಂಟರ್ ಫಾರ್ ಕ್ರಿಯೇಟಿವ್ ಫೋಟೋಗ್ರಫಿ’ ಇದೆ. 1975ರಲ್ಲಿ ಇದನ್ನು ಕಟ್ಟಿದವರು ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ ಮತ್ತು ಆಗ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದ ಜಾನ್ ಶೇಫರ್. ಅಂದು ಬದುಕಿದ್ದ ಐವರು ಛಾಯಾಗ್ರಾಹಕರ ಸಂಗ್ರಹಗಳಿಂದ ಅದು ಆರಂಭವಾಯಿತು. ನಂತರ ಎಡ್ವರ್ಡ್ ವೆಸ್ಟನ್ ಅವರ ಸಂಗ್ರಹ ಬಂತು. ಜಪಾನಿನ ಮಿನಮಾತಾದ ಪಾದರಸ ವಿಷದ ದುರಂತವನ್ನು ಜಗತ್ತಿಗೆ ತೋರಿಸಿದ ಯುಜೀನ್ ಸ್ಮಿತ್ ಅವರದೂ ಬಂತು. ಹೊರಗೆ ಮರುಭೂಮಿಯ ಬಿಸಿಲು. ಒಳಗೆ, ಫಿಲ್ಮ್ ಹಾಳಾಗದಂತೆ ಕಾಪಾಡುವ ತಣ್ಣನೆಯ ಕೋಣೆಗಳು.

ಮೊದಲೇ ಸಮಯ ಗೊತ್ತುಮಾಡಿಕೊಂಡು ಕೇಳಿದರೆ, ಪೆಟ್ಟಿಗೆಯಲ್ಲಿರುವ ಚಿತ್ರಗಳನ್ನು ಮೇಜಿನ ಮೇಲೆ ತಂದಿಡುತ್ತಾರೆ. ಪೆನ್ನು ಒಳಗೆ ಒಯ್ಯುವಂತಿಲ್ಲ, ಬರೆದುಕೊಳ್ಳಲು ಪೆನ್ಸಿಲ್ ಮಾತ್ರ. ನಾನು ಕೇಳಿದ್ದು ನ್ಯೂ ಮೆಕ್ಸಿಕೋದ ಹರ್ನಾಂಡೆಜ್ ಎಂಬ ಹಳ್ಳಿಯ ಮೇಲೆ ಚಂದ್ರ ಏರುತ್ತಿರುವ, 1941ರ ಆಡಮ್ಸ್ ಅವರ ಚಿತ್ರವನ್ನು.

ಅದನ್ನು ತೆಗೆದ ಸಂಜೆಯ ಕಥೆ ಛಾಯಾಗ್ರಾಹಕರಿಗೆಲ್ಲ ಬಾಯಿಪಾಠ. ಸ್ಮಶಾನದ ಬಿಳಿ ಶಿಲುಬೆಗಳ ಮೇಲಿನ ಕೊನೆಯ ಬಿಸಿಲು ಇನ್ನೇನು ಜಾರಬೇಕು, ಬೆಳಕು ಅಳೆಯುವ ಮೀಟರ್ ಕೈಗೆ ಸಿಗುತ್ತಿಲ್ಲ. ಚಂದ್ರನ ಹೊಳಪು ಎಷ್ಟೆಂಬ ಅಂಕಿ ನೆನಪಿನಲ್ಲಿತ್ತು. ಅದರಿಂದಲೇ ಲೆಕ್ಕ ಹಾಕಿ ಒಂದು ಫೋಟೋ ತೆಗೆದರು. ಎರಡನೆಯದಕ್ಕೆ ಸಿದ್ಧವಾಗುವಷ್ಟರಲ್ಲಿ ಬಿಸಿಲು ಹೋಗಿತ್ತು.

ಹಾಗಾಗಿ ಇರುವುದು ಒಂದೇ ನೆಗೆಟಿವ್, ಅಂದರೆ ಪ್ರಿಂಟ್‌ಗಳಿಗೆಲ್ಲ ಮೂಲವಾದ ಫಿಲ್ಮ್. ಆದರೆ ನನ್ನ ಮುಂದೆ ಇದ್ದದ್ದು ಎರಡು ಆಕಾಶ! ಆರಂಭದ ವರ್ಷಗಳ ಪ್ರಿಂಟ್‌ನಲ್ಲಿ ಆಕಾಶ ಬೂದು ಬಣ್ಣ, ಅದರಲ್ಲಿ ತೆಳುಮೋಡಗಳ ಗೆರೆಗಳು. ದಶಕಗಳ ಬಳಿಕದ ಪ್ರಿಂಟ್‌ನಲ್ಲಿ ಮೋಡಗಳು ಬಹುಮಟ್ಟಿಗೆ ಮಾಯ, ಆಕಾಶ ಕಡುಗಪ್ಪು, ಚಂದ್ರ ಒಂಟಿ. ಕತ್ತಲೆ ಕೋಣೆಯಲ್ಲಿ ರಟ್ಟಿನ ತುಂಡು ಹಿಡಿದು, ಆಕಾಶದ ಭಾಗಕ್ಕೆ ಮಾತ್ರ ಹೆಚ್ಚು ಹೊತ್ತು ಬೆಳಕು ಬೀಳಿಸಿ, ಅವರು ಇದನ್ನು ಮಾಡುತ್ತಿದ್ದರು; ಪ್ರಿಂಟ್‌ನ ಕಾಗದ ಬೆಳಕು ಹೆಚ್ಚು ಬಿದ್ದಷ್ಟೂ ಕಪ್ಪಾಗುತ್ತದೆ. 1948ರಲ್ಲಿ, ಹಳ್ಳಿಯ ಭಾಗ ಪ್ರಿಂಟ್‌ನಲ್ಲಿ ಎದ್ದು ಕಾಣಲೆಂದು, ನೆಗೆಟಿವ್‌ನ ಕೆಳಭಾಗವನ್ನೇ ರಾಸಾಯನಿಕದಿಂದ ಗಾಢಗೊಳಿಸಿದ್ದರು. ಆಡಮ್ಸ್ ಚಿಕ್ಕಂದಿನಲ್ಲಿ ಪಿಯಾನೋ ಕಲಿತವರು. ನೆಗೆಟಿವ್ ಎಂದರೆ ಬರೆದಿಟ್ಟ ಸ್ವರಲಿಪಿ, ಪ್ರಿಂಟ್ ಎಂದರೆ ಕಛೇರಿ ಎಂಬುದು ಅವರ ನಿಲುವು. ಮೇಜಿನ ಮೇಲೆ ಎರಡನ್ನೂ ಇಟ್ಟುಕೊಂಡಾಗ ಆ ಮಾತು ಕಣ್ಣಿಗೇ ಕಂಡಿತು.

ಜನ ಮೆಚ್ಚುವುದು ಕಪ್ಪು ಆಕಾಶದ ಪ್ರಿಂಟನ್ನು. ನನಗೆ ಮೊದಲಿನದೇ ಹೆಚ್ಚು ಹಿಡಿಸಿತು. ಅದರಲ್ಲಿ ಇನ್ನೂ ಸಂಜೆಯಿದೆ, ಹಳ್ಳಿಯ ಮನೆಗಳಲ್ಲಿ ಜನರಿದ್ದಾರೆ ಅನ್ನಿಸುತ್ತದೆ. ಎರಡನೆಯದರಲ್ಲಿ ರಾತ್ರಿ ಹಳ್ಳಿಯನ್ನು ನುಂಗಿದೆ. ಪುಸ್ತಕದಲ್ಲಿ ಎಷ್ಟು ಸಲ ನೋಡಿದ್ದರೂ ಇದು ನನಗೆ ಹೊಳೆದಿರಲಿಲ್ಲ, ಏಕೆಂದರೆ ಪುಸ್ತಕ ತೋರಿಸುವುದು ಒಂದನ್ನು ಮಾತ್ರ.

ಸಮಯ ಮುಗಿಯಿತೆಂದು ಸಿಬ್ಬಂದಿ ಮೆಲ್ಲಗೆ ತಿಳಿಸಿದರು. ಮೊದಲಿನ ಪ್ರಿಂಟನ್ನು ಕೊನೆಗೆ ಒಳಗಿಡಿ ಎಂದು ಕೇಳಿಕೊಂಡೆ. ಪೆಟ್ಟಿಗೆಯ ಮುಚ್ಚಳ ಬೀಳುವವರೆಗೂ ಆ ತೆಳುಮೋಡಗಳನ್ನೇ ನೋಡುತ್ತಿದ್ದೆ.

ನಮಸ್ಕಾರ.