ಎಡಗಿವಿ ತಿಂದ ಎಂಜಿನ್ನುಗಳು

ಕೇಳುಗರೇ, ನಮಸ್ಕಾರ.

ಲೇಲ್ಯಾಂಡ್ ಅನ್ನುವುದು ಒಂದು ಊರಿನ ಹೆಸರು ಅಂತ ನನಗೆ ಗೊತ್ತಾದದ್ದು ಐವತ್ತು ದಾಟಿದ ಮೇಲೆ. ಅಲ್ಲಿಯವರೆಗೆ ನನ್ನ ಪಾಲಿಗೆ ಅದು ಲಾರಿಯ ಹೆಸರು, ಅಷ್ಟೆ. ನಮ್ಮ ಮಾಮಾ ಹುಬ್ಬಳ್ಳಿಯಿಂದ ಅರಬೈಲು ಘಟ್ಟ ಇಳಿಸಿ ಅಂಕೋಲೆ, ಕಾರವಾರದ ಕಡೆಗೆ ಅಶೋಕ್ ಲೇಲ್ಯಾಂಡ್ ಕಾಮೆಟ್ ಓಡಿಸುತ್ತಿದ್ದರು. ಮನೆಯಲ್ಲಿ ಯಾರೂ ‘ಲಾರಿ ಬಂತು’ ಅನ್ನುತ್ತಿರಲಿಲ್ಲ, ‘ಲೈಲ್ಯಾಂಡು ಬಂತು’ ಅನ್ನುತ್ತಿದ್ದರು. ಓಣಿಯ ತುದಿಯಲ್ಲಿ ಸದ್ದು ಕೇಳುತ್ತಲೇ ಅತ್ತೆ ಒಲೆಯ ಮೇಲೆ ಸ್ನಾನದ ನೀರು ಇಡುತ್ತಿದ್ದರು. ಕೆಲವು ವರ್ಷಗಳ ಹಿಂದೆ ಮಗಳ ಮನೆಗೆಂದು ಇಂಗ್ಲೆಂಡಿನ ಪ್ರೆಸ್ಟನ್ ಊರಿಗೆ ಹೋದೆ. ಅಲ್ಲಿ ರಸ್ತೆಬದಿಯ ಹಲಗೆಯೊಂದರಲ್ಲಿ ಅದೇ ಹೆಸರು, ಪಕ್ಕದಲ್ಲಿ ಒಂದು ಬಾಣದ ಗುರುತು. ಕಾರು ಆ ಕಡೆ ತಿರುಗಿಸು ಅಂತ ಮಗಳಿಗೆ ದುಂಬಾಲು ಬಿದ್ದೆ.

ಲ್ಯಾಂಕಾಶೈರ್ ಸೀಮೆಯ ಸಣ್ಣ ಊರು ಅದು. 1896ರಲ್ಲಿ ಅಲ್ಲಿ ಉಗಿಯಿಂದ ಓಡುವ ಗಾಡಿ ಮಾಡುವುದಕ್ಕೆ ಲ್ಯಾಂಕಾಶೈರ್ ಸ್ಟೀಮ್ ಮೋಟಾರ್ ಕಂಪನಿ ಹುಟ್ಟಿತು. 1907ರಲ್ಲಿ ಊರಿನ ಹೆಸರನ್ನೇ ಹೊತ್ತು ಲೇಲ್ಯಾಂಡ್ ಮೋಟಾರ್ಸ್ ಆಯಿತು. ಇತ್ತ ನಮ್ಮ ಮದರಾಸಿನಲ್ಲಿ 1948ರಲ್ಲಿ ಆಸ್ಟಿನ್ ಕಾರು ಜೋಡಿಸುವುದಕ್ಕೆಂದು ಅಶೋಕ್ ಮೋಟಾರ್ಸ್ ಶುರುವಾಗಿತ್ತು. ಅದು ಈ ಕಂಪನಿಯ ಜೊತೆ ಸೇರಿ ಕಾಮೆಟ್ ಲಾರಿಗಳನ್ನು ಜೋಡಿಸತೊಡಗಿತು, 1955ರಲ್ಲಿ ಅಶೋಕ್ ಲೇಲ್ಯಾಂಡ್ ಅಂತ ಹೆಸರು ಬದಲಿಸಿಕೊಂಡಿತು. ಅಶೋಕ ಅಂದರೆ ಮೌರ್ಯ ಚಕ್ರವರ್ತಿಯಲ್ಲ, ಸ್ಥಾಪಕ ರಘುನಂದನ್ ಸರನ್ ಅವರ ಮಗ. ಒಬ್ಬ ಹುಡುಗನ ಹೆಸರು, ಒಂದು ಊರಿನ ಹೆಸರು. ಮಾಮಾನ ಲಾರಿಯ ಹಣೆಯ ಮೇಲೆ ಬರೆದಿದ್ದದ್ದು ಇಷ್ಟೇ.

ಆ ಊರಿನಲ್ಲಿ ಹಳೆಯ ಲಾರಿ, ಬಸ್ಸುಗಳ ಒಂದು ಮ್ಯೂಸಿಯಂ ಇದೆ, 1983ರಲ್ಲಿ ತೆರೆದದ್ದು. ನಾನು ಹೋದ ದಿನ ಅಲ್ಲಿ ಚಹಾದ ಮೇಜಿನ ಸುತ್ತ ನಾಲ್ಕೈದು ಮಂದಿ ಮುದುಕರು ಕೂತಿದ್ದರು. ಎಲ್ಲರೂ ಒಂದು ಕಾಲದ ಲಾರಿ ಡ್ರೈವರುಗಳು. ಜಗಳವೇನೋ ಅಂದುಕೊಂಡೆ, ಅಷ್ಟು ಜೋರು ದನಿ. ಜಗಳವಲ್ಲ, ಅವರಿಗೆ ಕಿವಿ ಮಂದ. ಅದೂ ಎಡಗಿವಿ. ಅಲ್ಲಿಯೂ ನಮ್ಮ ಹಾಗೇ ಡ್ರೈವರು ಬಲಕ್ಕೆ ಕೂರುತ್ತಾನೆ. ಮೂತಿಯಿಲ್ಲದ ಲಾರಿಗಳಲ್ಲಿ ಎಂಜಿನ್ನು ಕ್ಯಾಬಿನ್ನಿನ ಒಳಗೇ, ಅವನ ಎಡಕ್ಕೆ, ಒಂದು ತಗಡಿನ ಮುಚ್ಚಳದ ಕೆಳಗೆ ಕೂತಿರುತ್ತದೆ. ಮೂವತ್ತು ನಲವತ್ತು ವರ್ಷ ಅದರ ಪಕ್ಕ ಕೂತವನ ಎಡಗಿವಿ ಉಳಿದೀತೆ? ನನಗೆ ಸೋಜಿಗವೆನಿಸಿದ್ದು ಬೇರೆ. ಕಿವಿ ತಿಂದ ಆ ಸದ್ದನ್ನೇ ಅವರು ಬಾಯಿತುಂಬ ಹೊಗಳುತ್ತಿದ್ದರು.

ಆಕಾಶವಾಣಿಯಲ್ಲಿ ಕೂತು ಸದ್ದಿನ ಮಾತಾಡುವಾಗ ಆ ಸದ್ದನ್ನೇ ಕೇಳಿಸಲಾಗದ ಸಂಕಟ ನನ್ನದು. ಬಾಯಲ್ಲೇ ಹೇಳುತ್ತೇನೆ, ಸಹಿಸಿಕೊಳ್ಳಿ.

ಮೊದಲನೆಯದು ಗಾರ್ಡ್ನರ್. ಇದು ಲಾರಿಯಲ್ಲ, ಬರೀ ಎಂಜಿನ್ನು. ಮ್ಯಾಂಚೆಸ್ಟರಿನ ಹತ್ತಿರ ಪ್ಯಾಟ್ರಿಕ್ರಾಫ್ಟ್‌ನಲ್ಲಿ ತಯಾರಾಗುತ್ತಿತ್ತು. ಇಆರ್‌ಎಫ್, ಅಟ್ಕಿನ್ಸನ್, ಫೋಡೆನ್‌ನಂಥ ಎಷ್ಟೋ ಕಂಪನಿಗಳು ಲಾರಿ ತಮ್ಮದು ಮಾಡಿ ಎಂಜಿನ್ನು ಇದನ್ನು ಕೂರಿಸುತ್ತಿದ್ದವು. 6ಎಲ್‌ಡಬ್ಲ್ಯೂ ಅನ್ನುವ ಆರು ಸಿಲಿಂಡರಿನ ಮಾದರಿಗೆ ಮೊದಮೊದಲು ಇದ್ದದ್ದು 102 ಅಶ್ವಶಕ್ತಿ, ನಿಮಿಷಕ್ಕೆ 1700 ಸುತ್ತು, ಅದಕ್ಕಿಂತ ಮೇಲೆ ಏರದು. ಇಂದಿನ ದೊಡ್ಡ ಲಾರಿಗೆ ನಾನೂರು, ಐನೂರು ಅಶ್ವಶಕ್ತಿ ಮಾಮೂಲು. ಆದರೆ ಗಾರ್ಡ್ನರ್ ಡೀಸೆಲ್ ಕುಡಿಯುವುದು ಗುಬ್ಬಿ ನೀರು ಕುಡಿದ ಹಾಗೆ, ಲಕ್ಷಗಟ್ಟಲೆ ಮೈಲಿ ಓಡಿದರೂ ಬಿಚ್ಚಿ ನೋಡುವ ಪ್ರಮೇಯ ಬಾರದು. ಮಾಲೀಕರಿಗೆ ಅದು ದೇವರು. ಅದರ ಸದ್ದು ರುಬ್ಬುವ ಕಲ್ಲಿನ ಗತಿಯದು. ನಿಧಾನ, ಒಂದೇ ತೂಕ. ಸುಸ್ತಾದ ಮನುಷ್ಯನಿಗೆ ನಿದ್ದೆ ಬರಿಸುವಂಥದ್ದು, ಮತ್ತು ಅದೇ ಅದರ ಅಪಾಯ ಅಂತ ಒಬ್ಬರು ಹೇಳಿ ನಕ್ಕರು.

ಫೋಡೆನ್ ಟೂ-ಸ್ಟ್ರೋಕ್ ಇದಕ್ಕೆ ತದ್ವಿರುದ್ಧ. 1948ರಲ್ಲಿ ಬಂದ, ನಾಲ್ಕು ಲೀಟರಿಗಿಂತ ತುಸು ಹೆಚ್ಚಿನ ಪುಟ್ಟ ಎಂಜಿನ್ನು, ಆದರೆ 126 ಅಶ್ವಶಕ್ತಿ. ಕಿರುಚಿಕೊಂಡು ಓಡುವುದು ಅದರ ಸ್ವಭಾವ. ಸುತ್ತು ಇಳಿದರೆ ಶಕ್ತಿಯೇ ಇಲ್ಲ, ಆದ್ದರಿಂದ ಅದಕ್ಕೆ ಹನ್ನೆರಡು ಗೇರುಗಳ ಪೆಟ್ಟಿಗೆಯನ್ನೂ ಕೊಡುತ್ತಿದ್ದರು. ಡ್ರೈವರಿನ ಕೈ ಸುಮ್ಮನಿರುವಂತಿಲ್ಲ. ಇನ್ನು ಕಾಮರ್ ಲಾರಿಯ ಟಿಎಸ್3. ಮೂರು ಸಿಲಿಂಡರು, ಆರು ಪಿಸ್ಟನ್ನು, ಒಂದೊಂದು ಸಿಲಿಂಡರಿನಲ್ಲಿ ಎರಡು ಪಿಸ್ಟನ್ನು ಎದುರುಬದುರಾಗಿ ಟಗರಿನ ಕಾಳಗಕ್ಕೆ ಬಂದಂತೆ ನುಗ್ಗುತ್ತವೆ. ಸಿಲಿಂಡರಿನ ಬಾಯಿ ಮುಚ್ಚುವ ಹೆಡ್ಡೇ ಇಲ್ಲ! ಅದರ ಬಡಿತಕ್ಕೆ ಡ್ರೈವರುಗಳು ‘ನಾಕರ್’ ಅಂತ ಅಡ್ಡಹೆಸರಿಟ್ಟಿದ್ದರು. ಅರ್ಧ ಮೈಲಿ ದೂರದಿಂದಲೇ ಯಾವ ಲಾರಿ ಬರುತ್ತಿದೆ ಅಂತ ಹೇಳಬಹುದಿತ್ತಂತೆ. ಅತ್ತೆಯ ಸ್ನಾನದ ನೀರು ನೆನಪಾಯಿತು.

ಫೋಡೆನ್ ಅಂದಮೇಲೆ ಒಂದು ಮನೆಜಗಳದ ಕತೆ ಹೇಳಲೇಬೇಕು. ಚೆಷೈರ್ ಸೀಮೆಯ ಸ್ಯಾಂಡ್‌ಬ್ಯಾಚ್ ಊರಿನ ಫೋಡೆನ್ ಮನೆತನ ಉಗಿ ಲಾರಿಗೆ ಹೆಸರುವಾಸಿ. ಆ ಮನೆಯ ಎಡ್ವಿನ್ ರಿಚರ್ಡ್ ಫೋಡೆನ್, ಇನ್ನು ಉಗಿಯ ಕಾಲ ಮುಗಿಯಿತು, ಡೀಸೆಲ್ ಹಿಡಿಯೋಣ ಅಂದರು. ಮನೆಯವರು ಒಪ್ಪಲಿಲ್ಲ. ಹೊರಬಿದ್ದು 1933ರಲ್ಲಿ ತಮ್ಮದೇ ಲಾರಿ ಶುರುಮಾಡಿದರು, ಗಾರ್ಡ್ನರ್ ಎಂಜಿನ್ನು ಕೂರಿಸಿ. ಹೆಸರಿನ ಮೊದಲಕ್ಷರಗಳೇ ಇಆರ್‌ಎಫ್. ಕೊನೆಗೆ ಹಳೆಯ ಮನೆಯೂ ಡೀಸೆಲ್ಲಿಗೇ ಬಂತು. ಒಂದೇ ಊರಿನಲ್ಲಿ ದಾಯಾದಿಗಳ ಎರಡು ಕಾರ್ಖಾನೆ. ಮೇಜಿನ ಸುತ್ತ ಕೂತವರಲ್ಲಿ ಇಬ್ಬರು ಆ ಜಗಳವನ್ನು ಇನ್ನೂ ಮುಂದುವರಿಸಿದ್ದರು, ತಾವೇ ಆ ಮನೆಯ ಅಳಿಯಂದಿರು ಎಂಬಂತೆ.

ಹೆಸರುಗಳ ವಿಚಾರದಲ್ಲಿ ನನ್ನ ಮತ ಲೇಲ್ಯಾಂಡಿಗೇ. ಕಾಮೆಟ್‌ನಂಥವನ್ನು ಬಿಟ್ಟರೆ ಅವರ ಎಷ್ಟೋ ಲಾರಿಗಳಿಗೆ ಪ್ರಾಣಿಗಳ ಹೆಸರು. ನಾಲ್ಕು ಚಕ್ರದ್ದು ಬೀವರ್, ಆರರದ್ದು ಹಿಪ್ಪೋ, ಎಂಟು ಚಕ್ರದ್ದು ಆಕ್ಟೋಪಸ್, ಅಂದರೆ ನಮ್ಮ ಅಷ್ಟಪದಿ. ಹಿಪ್ಪೋ ನಮ್ಮ ದೇಶಕ್ಕೂ ಬಂತು. ಲಂಡನ್ ಬಸ್ಸುಗಳನ್ನು ಮಾಡುತ್ತಿದ್ದ ಎಇಸಿ ಕಂಪನಿಯದು ಇನ್ನೊಂದು ಹುಚ್ಚು: ಲಾರಿಯಾದರೆ ಹೆಸರು ‘ಎಂ’ ಅಕ್ಷರದಿಂದ, ಬಸ್ಸಾದರೆ ‘ಆರ್’ ಅಕ್ಷರದಿಂದ. ಮ್ಯಾಂಡೇಟರ್, ಮರ್ಕ್ಯುರಿ, ಮ್ಯಾಮತ್ ಮೇಜರ್ ಲಾರಿಗಳು, ರೀಜೆಂಟ್, ರೂಟ್‌ಮಾಸ್ಟರ್ ಬಸ್ಸುಗಳು.

ಈಗ ಗೇರಿಗೆ ಬರೋಣ. ನಮ್ಮಲ್ಲಿ ಹಳೆಯ ಗಾಡಿ ಓಡಿಸಿದವರಿಗೆ ಡಬಲ್ ಕ್ಲಚ್ ಅಂದರೆ ವಿವರಿಸಬೇಕಿಲ್ಲ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಆ ಕಾಲದ ಗೇರುಪೆಟ್ಟಿಗೆಯಲ್ಲಿ ಹಲ್ಲಿನ ಗಾಲಿಗಳ ವೇಗವನ್ನು ಹೊಂದಿಸಿಕೊಡುವ ಏರ್ಪಾಡು ಇರಲಿಲ್ಲ, ಅದನ್ನು ಡ್ರೈವರೇ ಹೊಂದಿಸಬೇಕು. ಕ್ಲಚ್ ಒತ್ತಿ ನ್ಯೂಟ್ರಲ್ಲಿಗೆ ತರಬೇಕು, ಕಾಲು ಬಿಡಬೇಕು, ಎಂಜಿನ್ನಿನ ಸುತ್ತು ಇಳಿಯುವವರೆಗೆ ಕಾಯಬೇಕು, ಮತ್ತೆ ಕ್ಲಚ್ ಒತ್ತಿ ಮೇಲಿನ ಗೇರು ಹಾಕಬೇಕು. ಕೆಳಗಿನ ಗೇರಿಗೆ ಬರುವಾಗ ನಡುವೆ ಆಕ್ಸಿಲರೇಟರ್ ಒತ್ತಿ ಸುತ್ತು ಏರಿಸಬೇಕು. ತಪ್ಪಿದರೆ ಗೇರು ಕಟಕಟನೆ ಹಲ್ಲು ಕಡಿಯುತ್ತದೆ, ರಸ್ತೆಯ ಜನವೆಲ್ಲ ತಿರುಗಿ ನೋಡುತ್ತಾರೆ. ಗಾರ್ಡ್ನರಿನ ಸುತ್ತು ಇಳಿಯುವುದು ಎಷ್ಟು ನಿಧಾನವೆಂದರೆ, ಎರಡು ಗೇರುಗಳ ನಡುವೆ ಒಂದು ಸಿಗರೇಟು ಸುತ್ತಿಕೊಳ್ಳಬಹುದು ಅನ್ನುವುದು ಅವರ ತಮಾಷೆ. ಗಡಿಯಾರ ನೋಡಿ ಕಲಿಯುವ ವಿದ್ಯೆಯಲ್ಲ ಇದು. ಎಡಗಿವಿಯಲ್ಲೇ ಕಲಿಯಬೇಕು, ಆ ಕಿವಿಯನ್ನೇ ತೆರಬೇಕು.

ಈ ವಿದ್ಯೆಯ ಪರೀಕ್ಷೆ ನಡೆಯುತ್ತಿದ್ದದ್ದು ಶಾಪ್ ಗುಡ್ಡದಲ್ಲಿ. ಇಂಗ್ಲೆಂಡಿನಿಂದ ಸ್ಕಾಟ್ಲೆಂಡಿಗೆ ಹೋಗುವ ಎ6 ರಸ್ತೆಯಲ್ಲಿ, ಕೆಂಡಲ್ ದಾಟಿದ ಮೇಲೆ ಸುಮಾರು 1400 ಅಡಿ ಎತ್ತರಕ್ಕೆ ಹತ್ತುವ ಬೋಳು ಗುಡ್ಡ ಅದು. ನಮ್ಮ ಘಟ್ಟದ ಹಾಗೆ ಕಾಡಿಲ್ಲ, ಗಾಳಿ ಮಳೆಗೆ ಮರೆಯಿಲ್ಲ. ತುಂಬಿದ ಲಾರಿ ಮನುಷ್ಯ ನಡೆಯುವ ವೇಗದಲ್ಲಿ ತೆವಳಬೇಕು, ಚಳಿಗಾಲದಲ್ಲಿ ಹಿಮ ಬಿದ್ದರೆ ಅಲ್ಲೇ ಸಾಲಾಗಿ ನಿಂತುಬಿಡಬೇಕು. ಇಳಿಯುವಾಗ ಇನ್ನೊಂದು ಆಸೆ. 1700 ಸುತ್ತಿನ ಎಂಜಿನ್ನು ಗೇರಿನಲ್ಲಿದ್ದರೆ ಲಾರಿ ಇಳಿಜಾರಿನಲ್ಲೂ ಓಡುವುದಿಲ್ಲ. ಆದ್ದರಿಂದ ನ್ಯೂಟ್ರಲ್ ಮಾಡಿ ಬಿಟ್ಟುಬಿಡುವುದು! ಸಮಯ ಉಳಿಯಿತು, ಆದರೆ ಲಾರಿಯನ್ನು ಹಿಡಿಯಲು ಬ್ರೇಕು ಬಿಟ್ಟರೆ ಗತಿಯಿಲ್ಲ, ಆ ಬ್ರೇಕೋ ಕಾದರೆ ಹಿಡಿಯದು. ಮಾಮಾ ಅರಬೈಲಿನಲ್ಲಿ ನ್ಯೂಟ್ರಲ್ ಮಾಡುವವರನ್ನು ಬೈಯುತ್ತಿದ್ದದ್ದನ್ನು ನಾನು ಕೇಳಿದ್ದೇನೆ. ತಾವು ಮಾಡಿಲ್ಲ ಅಂತ ಮಾತ್ರ ಎಂದೂ ಹೇಳಲಿಲ್ಲ. ಈ ಮುದುಕರೂ ಹೇಳಲಿಲ್ಲ. 1970ರಲ್ಲಿ ಆ ಗುಡ್ಡದ ಪಕ್ಕದಲ್ಲೇ ಎಂ6 ಹೆದ್ದಾರಿ ಬಂದು ಹಳೆಯ ರಸ್ತೆ ಖಾಲಿಯಾಯಿತು.

ಅವಸರ ಯಾಕೆ ಅಂತ ಕೇಳಬಹುದು. ಇವರ ಗುರುಗಳ ಕಾಲದಲ್ಲಿ ಭಾರಿ ಲಾರಿಗಳ ವೇಗದ ಮಿತಿ ಗಂಟೆಗೆ ಬರೀ 20 ಮೈಲಿ, 1957ರವರೆಗೂ. ಆಮೇಲೆ 30 ಆಯಿತು. ಲಂಡನ್ನಿನಿಂದ ಗ್ಲಾಸ್ಗೋಗೆ ಸುಮಾರು 400 ಮೈಲಿ. ಲೆಕ್ಕ ಹಾಕಿ. ದಿನಕ್ಕೆ ಹನ್ನೊಂದು ಗಂಟೆಗಿಂತ ಹೆಚ್ಚು ಓಡಿಸಬಾರದು ಅಂತ 1930ರ ಕಾನೂನು ಬೇರೆ. ಲಾಗ್ ಶೀಟಿನಲ್ಲಿ ಬರೆಯುತ್ತಿದ್ದ ಸಮಯಕ್ಕೂ ನಿಜವಾದ ಸಮಯಕ್ಕೂ ಇದ್ದ ಸಂಬಂಧದ ಬಗ್ಗೆ ನಾನು ಬಾನುಲಿಯಲ್ಲಿ ಹೆಚ್ಚು ಹೇಳದಿರುವುದೇ ಲೇಸು.

ಚಳಿಯ ಮಾತು ಬಂದಾಗ ಎಲ್ಲರೂ ಒಟ್ಟಿಗೆ ಶುರುಮಾಡಿದರು. ಕ್ಯಾಬಿನ್ನಿಗೆ ಹೀಟರ್ ಇಲ್ಲ. ಎಂಜಿನ್ನಿನ ಕಡೆಯ ಎಡಗಾಲು ಬೇಯುತ್ತದೆ, ಬಾಗಿಲಿನ ಕಡೆಯ ಬಲಗಾಲು ಮರಗಟ್ಟುತ್ತದೆ. ಪ್ಯಾಂಟಿನೊಳಗೆ ಹಳೆಯ ಪೇಪರು ತುರುಕಿಕೊಳ್ಳಬೇಕು, ಕೋಟಿನ ಮೇಲೆ ಹಗ್ಗ ಬಿಗಿಯಬೇಕು. 1963ರ ಜನವರಿಯ ಚಳಿ ಆ ದೇಶದವರು ಇನ್ನೂ ಮರೆಯದ ಚಳಿ. ಟ್ಯಾಂಕಿನಲ್ಲೇ ಡೀಸೆಲ್ ಕೊಬ್ಬರಿ ಎಣ್ಣೆಯಂತೆ ಗಟ್ಟಿಯಾಗಿ ಕೊಳವೆಗಳು ಕಟ್ಟಿಕೊಂಡವು. ಚಿಂದಿಗೆ ಡೀಸೆಲ್ ಅದ್ದಿ ಬೆಂಕಿ ಹಚ್ಚಿ ಟ್ಯಾಂಕಿನ ಕೆಳಗೆ ಹಿಡಿದು ಕರಗಿಸಿದರಂತೆ. ಇದನ್ನು ಕೇಳಿ ನನ್ನ ಮಗಳು ಬಾಯಿ ಮೇಲೆ ಕೈಯಿಟ್ಟುಕೊಂಡಳು. ಅವರಿಗೆ ಅದೇನು ದೊಡ್ಡ ವಿಷಯ ಅನ್ನಿಸಲಿಲ್ಲ.

ರಾತ್ರಿ ತಂಗುವುದು ದಾರಿಬದಿಯ ಡ್ರೈವರುಗಳ ಮನೆಗಳಲ್ಲಿ. ಒಂದು ಕೋಣೆಗೆ ನಾಲ್ಕು, ಆರು ಹಾಸಿಗೆ. ಹಗಲು ಮಲಗಿ ಎದ್ದವನ ಮೈಬಿಸಿ ಇನ್ನೂ ಆರದ ಹಾಸಿಗೆಯಲ್ಲಿ ರಾತ್ರಿಯವನು ಮಲಗಬೇಕು. ಆ ಚಳಿಯಲ್ಲಿ ಅದೂ ಒಂದು ಪುಣ್ಯ ಅಂದರು ಒಬ್ಬರು.

ಇಷ್ಟೆಲ್ಲ ಹೇಳಿಕೊಂಡ ಮೇಲೆ, ಆ ಕಾಲವೇ ಚೆನ್ನಾಗಿತ್ತು ಅಂತ ಎಲ್ಲರೂ ತಲೆಯಾಡಿಸುತ್ತಾರೆ ಅಂದುಕೊಂಡೆ. ತುದಿಯಲ್ಲಿ ಕೂತಿದ್ದ ಒಬ್ಬರು ಮಾತ್ರ ಆಡಿಸಲಿಲ್ಲ. 1960ರ ದಶಕದ ಕೊನೆಯ ಹೊತ್ತಿಗೆ ಸ್ವೀಡನ್ನಿನಿಂದ ವೋಲ್ವೋ, ಸ್ಕ್ಯಾನಿಯಾ ಬಂದವು. ಹೀಟರ್ ಇತ್ತು, ಮೈಗೆ ಹೊಂದುವ ಸೀಟಿತ್ತು, ಮಲಗಲು ಒಳಗೇ ಮಂಚವಿತ್ತು, ಗೇರು ಒಂದು ಬೆರಳಿಗೆ ಬೀಳುತ್ತಿತ್ತು. ಮೊದಲ ದಿನ ಅದರೊಳಗೆ ಕೂತಾಗ, ಇಷ್ಟು ವರ್ಷ ನಮ್ಮನ್ನು ಯಾರೂ ಮನುಷ್ಯರೆಂದು ಎಣಿಸಲೇ ಇಲ್ಲವಲ್ಲ ಅನ್ನಿಸಿ ಸಿಟ್ಟು ಬಂತು ಅಂದರು. ಉಳಿದವರು ಗಲಾಟೆ ಎಬ್ಬಿಸಿದರು. ನನಗೆ ಅವರ ಮಾತೇ ಸರಿ ಎನಿಸಿತು, ಈಗಲೂ ಹಾಗೇ ಎನಿಸುತ್ತದೆ. ಲಾರಿ ಮಾಡಿದವರು ಎಂಜಿನ್ನಿನ ಆಯಸ್ಸು ಲೆಕ್ಕ ಹಾಕಿದರು, ಕೂರುವವನ ಬೆನ್ನಿನ ಲೆಕ್ಕ ಹಾಕಲಿಲ್ಲ. ಕಂಪನಿಗಳು ಮುಳುಗಲು ಬೇರೆ ಕಾರಣಗಳೂ ಇದ್ದವು ಅನ್ನಿ. ಎಇಸಿಯ ಸೌತಾಲ್ ಕಾರ್ಖಾನೆ 1979ರಲ್ಲಿ ಮುಚ್ಚಿತು, ಇನ್ನೊಂದು ಲಾರಿ ಕಂಪನಿ ಸ್ಕ್ಯಾಮೆಲ್ಲಿನ ವಾಟ್‌ಫರ್ಡ್ ಕಾರ್ಖಾನೆ 1988ರಲ್ಲಿ, ಫೋಡೆನ್ ಹೆಸರು 2006ರಲ್ಲಿ ನಿಂತಿತು. ಲೇಲ್ಯಾಂಡ್ ಊರಿನಲ್ಲಿ ಲಾರಿ ಈಗಲೂ ತಯಾರಾಗುತ್ತದೆ, ಆದರೆ ಹಣೆಯ ಮೇಲಿನ ಹೆಸರು ಡಚ್ಚರ ಡಾಫ್. ಹೊಚ್ಚಹೊಸ ಲಾರಿಯ ಮೇಲೆ ಲೇಲ್ಯಾಂಡ್ ಅನ್ನುವ ಹೆಸರು ನೋಡಬೇಕೆಂದರೆ ಆ ಊರಿನವರು ನಮ್ಮ ಹೊಸೂರಿಗೆ ಬರಬೇಕು!

ಅಷ್ಟರಲ್ಲಿ ಮ್ಯೂಸಿಯಮ್ಮಿನ ಅಂಗಳದಲ್ಲಿ ಯಾರೋ ಒಂದು ಹಳೆಯ ಎಂಜಿನ್ನು ಚಾಲೂ ಮಾಡಿದರು. ಮಾತು ನಿಂತಿತು. ನಾಲ್ವರು ಬಲಗಿವಿ ಆ ಕಡೆಗೆ ತಿರುಗಿಸಿದರು. ಸ್ವೀಡನ್ನಿನ ಲಾರಿಯನ್ನು ಹೊಗಳಿದವರು ಎದ್ದು ಹೋಗಿ ಲಾರಿಯ ಬಾಗಿಲ ಮೇಲೆ ಅಂಗೈ ಊರಿ ನಿಂತರು. ಅವರಿಗೆ ಎರಡೂ ಕಿವಿ ಕೇಳಿಸುವುದಿಲ್ಲವಂತೆ. ವಾಪಸು ಬಂದು, ಗಾರ್ಡ್ನರ್, ಆದರೆ ಒಂದು ಇಂಜೆಕ್ಟರ್ ಸರಿಯಿಲ್ಲ ಅಂದರು.

ಹೊರಡುವ ಮುಂಚೆ ಹಗ್ಗದ ಮಾತು ಬಂತು. ಆ ಲಾರಿಗಳೆಲ್ಲ ಬಯಲು ಹಲಗೆಯವು. ಮಾಲು ಪೇರಿಸಿ, ತಾಡಪಾಲು ಹೊದಿಸಿ, ಹಗ್ಗ ಬಿಗಿಯುವುದು ಡ್ರೈವರಿನದೇ ಕೆಲಸ. ಮಳೆಯಲ್ಲಿ ನೆನೆದ ತಾಡಪಾಲು ಹೆಣಭಾರ. ಹಗ್ಗಕ್ಕೆ ಹಾಕುವ ಗಂಟಿಗೆ ಅವರು ‘ಡಾಲಿ’ ಅನ್ನುತ್ತಾರೆ. ಇಂಜೆಕ್ಟರಿನ ತಪ್ಪು ಹಿಡಿದ ಅದೇ ಮುದುಕರು ಜೇಬಿನಿಂದ ಒಂದು ದಾರ ತೆಗೆದು ಕುರ್ಚಿಯ ಕಾಲಿಗೆ ಸುತ್ತಿದರು. ಒಂದು ಕುಣಿಕೆ ಮಾಡಿ ತಿರುಚಿದರು, ಕೆಳಗಿನ ದಾರವನ್ನು ಅದರಲ್ಲಿ ತೂರಿಸಿ ಎಳೆದರು. ನಾನು ಬಲವಾಗಿ ಜಗ್ಗಿ ನೋಡಿದೆ, ಜಗ್ಗಿದಷ್ಟೂ ಬಿಗಿಯಿತು. ಅವರು ತುದಿಯನ್ನು ಸಡಿಲ ಬಿಟ್ಟು ಒಮ್ಮೆ ಒದರಿದರು, ಗಂಟು ಬಿಚ್ಚಿ ಬರೀ ದಾರವಾಗಿ ಕೈಯಿಂದ ಜೋತುಬಿತ್ತು. ಮಾಮಾ ನಮ್ಮ ಮನೆಯ ಮುಂದೆ ಕಾಮೆಟ್ಟಿಗೆ ಹಗ್ಗ ಬಿಗಿಯುತ್ತಿದ್ದದ್ದು ಇದೇ ಗಂಟಿನಲ್ಲಿ. ಕಲಿಸಿ ಅಂತ ಎಷ್ಟು ಸಲ ಕೇಳಿದರೂ, ಮೊದಲು ಸಾಲಿ ಕಲಿ ಅನ್ನುತ್ತಿದ್ದರು.

ನಾನು ಮುದುಕರ ಬಲಗಡೆಗೆ ಹೋಗಿ ಕೂತು, ಕೇಳಿಸದು ಅಂತ ಗೊತ್ತಿದ್ದೂ ದನಿ ಏರಿಸಿ, ಇನ್ನೊಮ್ಮೆ ಕಟ್ಟಿ ತೋರಿಸಿ ಅಂದೆ. ಅವರು ದಾರವನ್ನು ನನ್ನ ಕೈಗೇ ಕೊಟ್ಟರು.