ಕರಿ ಕೂದಲು, ನೀಲಿ ವೇಷ

ನಮಸ್ಕಾರ ರೀ. ಕಲಬುರಗಿಯಲ್ಲಿ ಬಿಸಿಲು ಚುರುಕಾಗುವ ಹೊತ್ತಿಗೆ ಕಾಲೇಜುಗಳಲ್ಲಿ ಗ್ಯಾದರಿಂಗ್ ಗದ್ದಲ ಶುರುವಾಗುತ್ತದೆ. ಜೇವರ್ಗಿ ರಸ್ತೆ ಕಡೆ ನನ್ನದೊಂದು ಸಣ್ಣ ಬ್ಯೂಟಿ ಪಾರ್ಲರ್ ಇದೆ. ಆ ದಿನಗಳಲ್ಲಿ ಹುಬ್ಬು ತಿದ್ದಿಸಿಕೊಳ್ಳುವವರಿಗಿಂತ ವೇಷ ಕಟ್ಟಿಸಿಕೊಳ್ಳುವವರೇ ಜಾಸ್ತಿ. ಮೊದಲೆಲ್ಲ ಅಕ್ಕಮಹಾದೇವಿ, ಕಿತ್ತೂರು ಚೆನ್ನಮ್ಮ, ಓಬವ್ವ. ಒಂದು ಸೀರೆ, ನಾಲ್ಕು ಒಡವೆ, ಉದ್ದನೆಯದೊಂದು ಚೌರಿ ಇದ್ದರೆ ಕೆಲಸ ಮುಗೀತು. ಮುದುಕನ ಪಾತ್ರವಾದರೆ ತಲೆಗೆ ಪೌಡರ್ ಡಬ್ಬಿ ಸುರಿಯುವುದು. ಡೈಲಾಗ್ ಹೇಳುತ್ತಾ ತಲೆ ಕೊಡವಿದರೆ ರಂಗದ ಮೇಲೆ ಬಿಳಿ ಮೋಡ. ಈಗಿನ ಮಕ್ಕಳು ಮೊಬೈಲ್ ಹಿಡಿದು ಬರುತ್ತಾರೆ. ಜಪಾನಿನ ಕಾರ್ಟೂನ್ ಹುಡುಗಿಯ ಚಿತ್ರ ತೋರಿಸಿ, ಇದೇ ಬಣ್ಣ ಬೇಕು ಅನ್ನುತ್ತಾರೆ. ಗುಲಾಬಿ, ನೇರಳೆ, ಬೆಳ್ಳಿ.

ಹಾಗೆ ಒಮ್ಮೆ ನಮ್ಮ ಅಣ್ಣನ ಮಗಳು ಬಂದಳು. "ಅತ್ತಿ, ನಾಟಕದಾಗ ನಾ ಮಳಿ ಆಗೀನಿ. ನಂಗ ನೀಲಿ ಕೂದ್ಲ ಬೇಕು ನೋಡು. ವಿಗ್ ಬ್ಯಾಡ."

ಅವಳದು ಸೊಂಟದ ತನಕ ಇಳಿದ ಕೂದಲು. ನಮ್ಮವ್ವ ವಾರಕ್ಕೆರಡು ಸಲ ಕೊಬ್ಬರಿ ಎಣ್ಣೆ ತಟ್ಟಿ ಬೆಳೆಸಿದ್ದು. ಕಪ್ಪು ಅಂದರೆ ಅಂಥಿಂಥ ಕಪ್ಪಲ್ಲ, ಬಿಸಿಲಿಗೆ ಹಿಡಿದರೂ ಕಪ್ಪೇ. ಇಂಥ ಕೂದಲಿಗೆ ನೀಲಿ ಹಚ್ಚುವುದೂ ಒಂದೇ, ಕರಿ ಹಲಗೆ ಮೇಲೆ ಮಸಿಯಲ್ಲಿ ಬರೆಯುವುದೂ ಒಂದೇ. ಬಣ್ಣ ಅಲ್ಲೇ ಇರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಮೊದಲು ಹಲಗೆಯನ್ನು ಬಿಳಿ ಹಾಳೆ ಮಾಡಬೇಕು. ಈ ಕೆಲಸದಲ್ಲಿ ಬಣ್ಣ ಹಚ್ಚುವುದು ಅರ್ಧ ತಾಸಿನ ಮಾತು. ಇರುವ ಬಣ್ಣ ತೆಗೆಯುವುದೇ ದೊಡ್ಡ ಪಂಚಾಯ್ತಿ.

ಬೀದರಿನವರಿಗೆ ಈ ಮಾತು ಬೇಗ ಗೊತ್ತಾಗುತ್ತದೆ. ಬಿದ್ರಿ ಮಾಡುವವರು ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರೆ. ಆ ಪಾತ್ರೆ ಮೊದಲು ಬೂದಿ ಬಣ್ಣಕ್ಕೇ ಇರುತ್ತದೆ. ಬೆಳ್ಳಿ ಕೂರಿಸಿದ ಮೇಲೆ ಕೋಟೆಯ ಹಳೇ ಮಣ್ಣು, ನವಸಾಗರ ಅನ್ನುವ ಉಪ್ಪು ಕಲಸಿ ಬಿಸಿಯಾಗಿ ತಿಕ್ಕುತ್ತಾರೆ. ಲೋಹ ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಅವರು ಬಿಳುಪನ್ನು ಕಪ್ಪು ಮಾಡುತ್ತಾರೆ, ನಾವು ಕಪ್ಪನ್ನು ಬಿಳುಪು ಮಾಡಲು ಹೊರಡುತ್ತೇವೆ. ಘಾಟು ಮಾತ್ರ ಒಂದೇ ಮನೆತನದ್ದು. ನವಸಾಗರಕ್ಕೆ ಸುಣ್ಣ ಹಾಕಿ ತಿಕ್ಕಿದರೆ ಮೂಗಿಗೆ ಹೊಡೆಯುತ್ತದಲ್ಲ, ಬ್ಲೀಚ್ ಕಲಸಿದಾಗಲೂ ಅದೇ ಅಮೋನಿಯಾ. ಹಾಗಾಗಿ ಕಿಟಕಿ ತೆಗೆದಿಟ್ಟೇ ಈ ಕೆಲಸಕ್ಕೆ ಕೂರಬೇಕು.

ಒಂದು ಕೂದಲೆಳೆಯ ಮೇಲೆ ಹೆಂಚು ಹೊದಿಸಿದ ಹಾಗೆ ತೆಳು ಪದರ ಇರುತ್ತದೆ. ಕಪ್ಪು ಇರುವುದು ಅದರ ಒಳಗೆ. ಅದಕ್ಕೆ ಮೆಲನಿನ್ ಅನ್ನುತ್ತಾರೆ. ಬ್ಲೀಚ್ ಪುಡಿಯ ಕ್ಷಾರ ಆ ಹೆಂಚುಗಳನ್ನು ಎಬ್ಬಿಸುತ್ತದೆ. ಹೈಡ್ರೋಜನ್ ಪೆರಾಕ್ಸೈಡ್ ಒಳಗೆ ಇಳಿದು ಮೆಲನಿನ್ ಒಡೆಯುತ್ತದೆ. ಈ ಪೆರಾಕ್ಸೈಡ್ ಕಂಡುಹಿಡಿದದ್ದು 1818ರಲ್ಲಿ, ಫ್ರಾನ್ಸಿನ ಥೆನಾರ್ ಎಂಬ ವಿಜ್ಞಾನಿ. ಪಾಪ, ಅವರ ತಲೆಯಲ್ಲಿ ನಮ್ಮ ಗ್ಯಾದರಿಂಗ್ ಇದ್ದಿರಲಾರದು.

ಅಂಗಡಿಯಲ್ಲಿ ಡೆವಲಪರ್ ಅಂತ ಕೊಡುವ ಬಾಟಲಿಯಲ್ಲಿ ಇರುವುದು ಇದೇ. ಅದರ ಮೇಲೆ 10, 20, 30, 40 ವಾಲ್ಯೂಮ್ ಅಂತ ಬರೆದಿರುತ್ತದೆ. 20 ವಾಲ್ಯೂಮ್ ಅಂದರೆ ಒಂದು ಲೀಟರಿನಿಂದ 20 ಲೀಟರ್ ಆಮ್ಲಜನಕ ಹೊರಡುತ್ತದೆ ಅಂತ ಲೆಕ್ಕ. ಪೆರಾಕ್ಸೈಡ್ ಪ್ರಮಾಣದಲ್ಲಿ ಹೇಳಿದರೆ ಶೇಕಡಾ 6. 40 ಅಂದರೆ ಶೇಕಡಾ 12. ಬೇಗ ಆಗಲಿ ಅಂತ 40 ಹಿಡಿದು ಮನೆಯಲ್ಲಿ ತಲೆಬುಡಕ್ಕೆ ಹಚ್ಚಿಕೊಳ್ಳುವವರಿದ್ದಾರೆ. ನೆತ್ತಿ ಸುಟ್ಟು ಬೊಬ್ಬೆ ಬಂದದ್ದನ್ನು ನಾನೇ ನೋಡಿದ್ದೇನೆ. ನಾನಂತೂ 20ರ ಮೇಲೆ ಹೋಗುವುದಿಲ್ಲ. ಇನ್ನೊಂದು, ಕಲಸಿ ಉಳಿದದ್ದನ್ನು ನಾಳೆಗೆ ಬೇಕಾದೀತು ಅಂತ ಡಬ್ಬಿಗೆ ಹಾಕಿ ಬಿಗಿಯಾಗಿ ಮುಚ್ಚಿಡಬೇಡಿ. ಒಳಗೆ ಗಾಳಿ ಹುಟ್ಟುತ್ತಲೇ ಇರುತ್ತದೆ, ಡಬ್ಬಿ ಸಿಡಿಯುತ್ತದೆ.

ಮೆಹಂದಿ ಹಚ್ಚುವ ಮನೆಗಳು ನಮ್ಮಲ್ಲಿ ಬಹಳ. ಗಿಡದ ಎಲೆ ಅರೆದು ಹಚ್ಚಿದ್ದಾದರೆ ಬ್ಲೀಚ್ ಮಾಡಿದಾಗ ಹಟಮಾರಿ ಕಿತ್ತಳೆ ಉಳಿಯುತ್ತದೆ, ಅಷ್ಟೇ. ಆದರೆ ಕೆಲವು ಪ್ಯಾಕೆಟ್ ಪುಡಿಗಳಲ್ಲಿ ಲೋಹದ ಉಪ್ಪು ಸೇರಿರುತ್ತದೆ. ಅದರ ಮೇಲೆ ಪೆರಾಕ್ಸೈಡ್ ಬಿದ್ದರೆ ಕೂದಲು ಮುಟ್ಟಲಾಗದಷ್ಟು ಬಿಸಿಯಾಗುತ್ತದೆ. ಆದ್ದರಿಂದ ಬಾಚಣಿಗೆಗೆ ಸಿಕ್ಕ ನಾಲ್ಕು ಕೂದಲನ್ನು ಮೊದಲು ಬಟ್ಟಲಲ್ಲಿ ಅದ್ದಿ ನೋಡುವುದು ನನ್ನ ರೂಢಿ. ಬಟ್ಟಲು ಪ್ಲಾಸ್ಟಿಕ್‌ದು, ಸ್ಟೀಲ್ ಬೇಡ. ಹಚ್ಚುವ ಸಾಮಾನು ಮೈಗೆ ಹಿಡಿಸುತ್ತದೋ ಇಲ್ಲವೋ ಅಂತ ಮೊಣಕೈ ಒಳಬದಿಗೆ ಸ್ವಲ್ಪ ಹಚ್ಚಿ 48 ಗಂಟೆ ಕಾಯಬೇಕು. ಹುಡುಗಿಯರು ಇದಕ್ಕೆ ಮುಖ ಸಿಂಡರಿಸುತ್ತಾರೆ. ಸಿಂಡರಿಸಲಿ.

ನಮ್ಮ ಹುಡುಗಿಗೆ ಇಡೀ ತಲೆ ಬೇಡ ಅಂದೆ. ಕೆಳಗಿನ ಎರಡು ಗೇಣು ಸಾಕು. ಹೇಗೂ ಹಾಳಾಗುವ ಕೂದಲು, ನಾಟಕ ಮುಗಿದ ಮೇಲೆ ಕತ್ತರಿಸಬಹುದು. ನೆತ್ತಿಗೂ ಸೋಕುವುದಿಲ್ಲ. ಅವಳು ಒಪ್ಪಿದಳು.

ಕೈಗವಸು ಹಾಕಿಕೊಂಡು ಹಚ್ಚಿದೆ. ಹತ್ತು ಹತ್ತು ನಿಮಿಷಕ್ಕೆ ಒಂದೆಳೆ ಒರೆಸಿ ನೋಡುವುದು. ಕಪ್ಪು ಕೂದಲು ಒಮ್ಮೆಲೇ ಬಿಳಿಯಾಗುವುದಿಲ್ಲ ರೀ. ಮೊದಲು ಕಂದು. ಆಮೇಲೆ ತಾಮ್ರದ ಕೊಡ ತಿಕ್ಕಿದ ಹಾಗೆ ಕೆಂಪು. ಆಮೇಲೆ ಕಿತ್ತಳೆ. ಇಲ್ಲಿ ಬಹಳ ಹೊತ್ತು ನಿಂತುಬಿಡುತ್ತದೆ. ಆಮೇಲೆ ಅರಿಶಿನ. ಕೊನೆಗೆ ಬಾಳೆಹಣ್ಣಿನ ಸಿಪ್ಪೆಯ ಒಳಬದಿ ಇರುತ್ತದಲ್ಲ, ಆ ತಿಳಿ ಹಳದಿ. ಅಲ್ಲಿಗೆ ಕೈ ತೆಗೆಯಬೇಕು. ಇನ್ನೂ ಬೆಳ್ಳಗಾಗಲಿ ಅಂದರೆ ಹಸಿ ಕೂದಲು ರಬ್ಬರಿನಂತೆ ಜಗ್ಗಿ ಪಟ್ಟಂತ ಹರಿಯುತ್ತದೆ.

ಮೊದಲ ದಿನ ಕಿತ್ತಳೆಗೆ ಬಂದು ನಿಂತಿತು. ಅವಳು ಬೆಂಕಿಯ ಪಾತ್ರ ಮಾಡಿದ್ದರೆ ಅಂದೇ ಕೆಲಸ ಮುಗಿಯುತ್ತಿತ್ತು. ಕೆಂಪು, ಕೇಸರಿಗೆ ನಮ್ಮ ಕೂದಲು ತಾನೇ ಅರ್ಧ ದಾರಿ ನಡೆದು ಬರುತ್ತದೆ. ನೀಲಿಗೆ, ಬೆಳ್ಳಿಗೆ ಕೊನೇ ಸ್ಟಾಪಿನ ತನಕ ಹೋಗಬೇಕು. ಹತ್ತು ದಿನ ಬಿಟ್ಟು ಎರಡನೇ ಸಲ ಹಚ್ಚಿದೆ. ಅರಿಶಿನಕ್ಕೆ ಬಂತು. ಮೂರನೇ ಸಲಕ್ಕೆ ಟೈಮಿಲ್ಲ, ಶನಿವಾರ ನಾಟಕ, ಅವತ್ತು ಗುರುವಾರ. ಹಳದಿ ಕಡಿಮೆಯಾಗಲು ನೇರಳೆ ಟೋನರ್ ಹಾಕಬೇಕಿತ್ತು. ನಡೀತದ ಬಿಡು ಅಂತ ನಾನು ಸುಮ್ಮನೆ ನೀಲಿ ಹಚ್ಚಿಬಿಟ್ಟೆ. ತಪ್ಪು ನನ್ನದೇ.

ತೊಳೆದು ಟವೆಲ್ ತೆಗೆದರೆ ಹಸಿರು! ಹಳದಿಗೆ ನೀಲಿ ಕೂಡಿದರೆ ಏನಾಗುತ್ತದೆ ಅಂತ ಐದನೇ ಕ್ಲಾಸಿನಲ್ಲಿ ಡ್ರಾಯಿಂಗ್ ಮಾಸ್ತರರು ಕಲಿಸಿದ್ದರಲ್ಲ. ಹುಡುಗಿ ಕನ್ನಡಿ ಮುಂದೆ ಕೂತು ಅತ್ತಳು. ಅಣ್ಣ ಬಂದು, "ಏನ್ ತಂಗಿ, ಹುಡುಗಿ ತಲಿಗೆ ಹಸರು ಮೇವು ಕಟ್ಟೀದಿ?" ಅಂದ. ಪುಣ್ಯಕ್ಕೆ ನಾಟಕ ಕಲಿಸುವ ಸರ್ ತಲೆ ಇದ್ದವರು. "ಮಳಿ ಬಂದ ಮ್ಯಾಲೆ ಬೆಳಿ ಬರ್ಬೇಕಲ್ಲವಾ" ಅಂದು ಎರಡು ಸಾಲು ಬದಲಿಸಿದರು. ಮಳೆಯಾಗಬೇಕಿದ್ದವಳು ತೊಗರಿ ಹೊಲವಾಗಿ ರಂಗದ ಮೇಲೆ ಬಂದಳು. ಕಲಬುರಗಿ ಜನ, ತೊಗರಿ ಅಂದಕೂಡಲೇ ಚಪ್ಪಾಳೆ ಬಿತ್ತು.

ಈ ನೀಲಿ, ಹಸಿರು, ಗುಲಾಬಿ ಬಣ್ಣಗಳಿಗೆ ಪೆರಾಕ್ಸೈಡ್ ಬೇಡ. ಸುಮ್ನೆ ಹಚ್ಚಿ ತೊಳೆಯುವುದು. ಹಾಗಾಗಿಯೇ ಪ್ರತಿ ಸ್ನಾನಕ್ಕೂ ಸ್ವಲ್ಪ ಸ್ವಲ್ಪ ಬಿಡುತ್ತಾ ಹೋಗುತ್ತವೆ. ನಮ್ಮ ಊರಿನ ಬೇಸಿಗೆಯಲ್ಲಿ ಬೆವರಿಗೂ ಬಿಡುತ್ತವೆ. ದಿಂಬಿನ ಕವರು, ಬಿಳಿ ಯೂನಿಫಾರಂ ಕಾಲರು ಎಲ್ಲ ಹಸಿರು. ತಣ್ಣೀರಲ್ಲಿ ತೊಳೆದರೆ ನಾಲ್ಕು ದಿನ ಹೆಚ್ಚು ಬರುತ್ತದೆ. ಬೋರಿನ ಗಡಸು ನೀರು ಬ್ಲೀಚ್ ಆದ ಕೂದಲನ್ನು ಇನ್ನೂ ಒರಟು ಮಾಡುತ್ತದೆ. ಒಂದೇ ರಾತ್ರಿಯ ವೇಷಕ್ಕಾದರೆ ಕ್ಲಿಪ್ ಹಾಕುವ ಬಣ್ಣದ ಚೌರಿ, ಇಲ್ಲವೇ ಸ್ಪ್ರೇ. ಈಗ ನಾನು ಬಂದವರಿಗೆ ಮೊದಲು ಅದನ್ನೇ ತೋರಿಸುತ್ತೇನೆ. ಹುಬ್ಬು, ರೆಪ್ಪೆಗೆ ಬ್ಲೀಚ್ ಕೇಳಿದರೆ ಮಾತ್ರ ಸೀದಾ ಇಲ್ಲ ಅನ್ನುತ್ತೇನೆ. ಕಣ್ಣಿನ ಪ್ರಶ್ನೆ.

ನಾಟಕದ ಮರುದಿನ ನೀಲಿ ಡಬ್ಬಿ ಅರ್ಧ ಉಳಿದಿತ್ತು. ನಮ್ಮವ್ವ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಅಕಿ ಕೂದ್ಲ ಬೆಳ್ಳಗ ಮಾಡ್ಲಾಕ ಎರಡು ವಾರ ತಗೊಂಡಿ. ನಂದು ಆಗಲೇ ಬೆಳ್ಳಗ ಅದ ಅಲ್ಲ?"

ಹೌದಲ್ವಾ! ಮೆಲನಿನ್ ತಾನಾಗೇ ಖಾಲಿಯಾದ ತಲೆ, ಬ್ಲೀಚೇ ಬೇಡ. ಅವ್ವನ ಮೊಣಕೈಗೆ ಹಚ್ಚಿ ಎರಡು ದಿನ ಕಾದು, ಕಿವಿಯ ಹಿಂದೆ ಬೆರಳಗಲದ ಒಂದು ಎಳೆಗೆ ನೀಲಿ ಹಚ್ಚಿದೆ. ಸ್ವಲ್ಪ ತೆಳುವಾಗಿ ಕೂತಿತು, ಆದರೆ ನೀಲಿಯೇ. ಅವ್ವ ಕನ್ನಡಿಯಲ್ಲಿ ಒಮ್ಮೆ ನೋಡಿಕೊಂಡಳು. ತಲೆ ಮೇಲೆ ಸೆರಗು ಹೊದ್ದು, ಶರಣಬಸವೇಶ್ವರರ ಗುಡಿಗೆ ಹೊರಟಳು. ಬಾಗಿಲ ತನಕ ಹೋದವಳು ತಿರುಗಿ, "ನಿಮ್ಮ ಅಣ್ಣಗ ಹೇಳಬ್ಯಾಡ" ಅಂದಳು.