ಊರಿನ ಪರಿಚಯ ಬೆಳಗಿನ ಜಾವದಿಂದ ಶುರುವಾಗಲಿ

ನಮಸ್ಕಾರ. ಇವತ್ತು ಸ್ವಲ್ಪ ಕೋಪದಲ್ಲೇ ಕೂತಿದ್ದೇನೆ. ಚೀನಾದ ಎರಡು ಊರು ತೋರಿಸಿದ ಕಳೆದ ಸಂಚಿಕೆ ನೋಡಿದ ಒಬ್ಬರು ಬರೆದಿದ್ದಾರೆ: "ಲಿತಾಂಗ್ ಸ್ವರ್ಗ. ಯಾನ್‌ಜಿಯಾವ್ ಬರೀ ಕಾಂಕ್ರೀಟು. ಅದನ್ನು ಯಾಕೆ ತೋರಿಸಿದಿರಿ?" ಅಲ್ಲೂ ಜನ ಇದ್ದಾರೆ ಸ್ವಾಮಿ, ಅದಕ್ಕೆ!

ಹೊಸದಾಗಿ ಬಂದವರಿಗೆ ಬೇಗ ಹೇಳಿಬಿಡುತ್ತೇನೆ. ಯಾನ್‌ಜಿಯಾವ್ ಇರುವುದು ಬೀಜಿಂಗ್‌ನ ತಿಯಾನನ್‌ಮೆನ್ ಚೌಕದಿಂದ ಪೂರ್ವಕ್ಕೆ ಸುಮಾರು 30 ಕಿಲೋಮೀಟರ್ ದೂರದಲ್ಲಿ. ನಡುವೆ ಚಾವೊಬಾಯ್ ನದಿ. ಕೆಲಸ ಆ ದಡದ ಬೀಜಿಂಗ್‌ನಲ್ಲಿ, ಮನೆ ಈ ದಡದ ಹೆಬೈ ಪ್ರಾಂತ್ಯದಲ್ಲಿ. ಲಿತಾಂಗ್ ಸಿಚುವಾನ್ ಪ್ರಾಂತ್ಯದ ಪಶ್ಚಿಮಕ್ಕಿದೆ. ಟಿಬೆಟನ್ನರು ಖಾಮ್ ಅನ್ನುವ ಸೀಮೆಯ ಒಂದು ಕೌಂಟಿ, ನಮ್ಮ ತಾಲ್ಲೂಕಿನ ಹಾಗೆ. ಅಲ್ಲಿಯ ಪೇಟೆಯೇ 4,000 ಮೀಟರ್ ಎತ್ತರದಲ್ಲಿದೆ. ಮುಳ್ಳಯ್ಯನಗಿರಿ ಮೇಲೆ ಇನ್ನೊಂದು ಮುಳ್ಳಯ್ಯನಗಿರಿ ಇಟ್ಟರೂ ಅದು ಸಿಗುವುದಿಲ್ಲ!

ನಾನು ಹೇಳುವುದು ಒಂದೇ ಮಾತು. ಊರಿನ ಪರಿಚಯ ಬೆಳಗಿನ ಜಾವದಿಂದ ಶುರುವಾಗಬೇಕು. ಅಲ್ಲಿ ಮೊದಲು ಏಳುವವರು ಯಾರು? ಯಾಕೆ ಏಳುತ್ತಾರೆ?

ಯಾನ್‌ಜಿಯಾವ್‌ನಲ್ಲಿ ಕತ್ತಲಿರುವಾಗಲೇ ಬಸ್ಸಿಗೆ ಸಾಲು. ವಯಸ್ಸಾದ ಅಪ್ಪ ಅಮ್ಮ ಬಂದು ಸಾಲಿನಲ್ಲಿ ನಿಂತು ಮಕ್ಕಳಿಗೆ ಜಾಗ ಹಿಡಿಯುವುದು ಚೀನಾದ ಪತ್ರಿಕೆಗಳಲ್ಲೇ ಸುದ್ದಿಯಾಗಿತ್ತು. ಮಗಳು ಇನ್ನರ್ಧ ಗಂಟೆ ಮಲಗಲಿ ಅಂತ ಅಪ್ಪ ಚಳಿಯಲ್ಲಿ ನಿಲ್ಲುತ್ತಾನೆ. ಬಸ್ ಹತ್ತಿರ ಬರುವ ಹೊತ್ತಿಗೆ ಮಗಳು ಓಡಿ ಬರುತ್ತಾಳೆ. ಅಪ್ಪ ಪಕ್ಕಕ್ಕೆ ಸರಿಯುತ್ತಾನೆ. ಇದು ಬರೀ ಕಾಂಕ್ರೀಟಾ? ಬೀಜಿಂಗ್‌ನಲ್ಲಿ ಮನೆ ಕೊಳ್ಳಲಾಗದೆ ಬಂದವರು ಇವರು. 2017ರಲ್ಲಿ ಹೊರಗಿನವರು ಮನೆ ಕೊಳ್ಳುವುದಕ್ಕೆ ಸರ್ಕಾರ ಬಿಗಿ ನಿಯಮ ತಂದಿತು. ಬೆಲೆ ಅರ್ಧದಷ್ಟಕ್ಕೆ ಕುಸಿಯಿತು. ಸಾಲದ ಕಂತು ಮಾತ್ರ ಕುಸಿಯಲಿಲ್ಲ.

ಲಿತಾಂಗ್‌ಗೆ ಬನ್ನಿ. ಹುಲ್ಲುಗಾವಲಿನ ಡೇರೆಗಳಲ್ಲಿ ಮೊದಲು ಏಳುವವರು ಹೆಂಗಸರು. ಯಾಕ್ ಸಗಣಿಯ ಬೆರಣಿಯಿಂದ ಒಲೆ ಹಚ್ಚಬೇಕು, ಹಾಲು ಕರೆಯಬೇಕು. ಬೆಣ್ಣೆ ಚಹಾ ಕಾಯಿಸಬೇಕು. ಜೊತೆಗೆ ತ್ಸಾಂಪಾ. ಹುರಿದ ಬಾರ್ಲಿಯ ಹಿಟ್ಟು, ನಮ್ಮ ಹುರಿಹಿಟ್ಟಿನ ತಮ್ಮ. ಮೇ, ಜೂನ್ ಬಂದರೆ ಮನೆಮಂದಿಯೆಲ್ಲ ಗುಡ್ಡ ಹತ್ತಿ, ನೆಲಕ್ಕೆ ಮುಖ ತಾಗುವಷ್ಟು ಬಗ್ಗಿ ಯಾರ್ತ್ಸಾ ಗುನ್ಬು ಹುಡುಕುತ್ತಾರೆ. ಮಣ್ಣಿನೊಳಗಿನ ಹುಳುವಿನ ಮೇಲೆ ಬೆಳೆಯುವ ಶಿಲೀಂಧ್ರ ಅದು. ಹುಲ್ಲಿನ ನಡುವೆ ಬೆರಳುದ್ದದ ಕಂದು ಕಡ್ಡಿ, ಅಷ್ಟೇ ಕಾಣುವುದು. ಎಷ್ಟೋ ಮನೆಗಳಿಗೆ ವರ್ಷದ ರೊಕ್ಕ ಆ ಕೆಲವು ವಾರಗಳಲ್ಲೇ ಬರಬೇಕು. ಸ್ವರ್ಗದಲ್ಲಿ ಮೊಣಕಾಲು ನೋಯುತ್ತದಾ ಸ್ವಾಮಿ?

"ಅಂದದ ದೃಶ್ಯ ತೋರಿಸಿದರೆ ತಪ್ಪೇನು" ಅಂತೀರಿ. 2020ರ ನವೆಂಬರ್‌ನಲ್ಲಿ ಲಿತಾಂಗ್‌ನ ಡಿಂಗ್ ಝೆನ್ ಅನ್ನುವ ಹುಡುಗನ ನಗು ಇರುವ ಒಂದು ಕಿರು ವಿಡಿಯೋ ಚೀನಾದಲ್ಲೆಲ್ಲ ಹರಡಿತು. ಲಿತಾಂಗ್‌ಗೆ ಹೆಸರು ಬಂತು, ಸಂತೋಷ. ಆ ಹುಡುಗನ ಮನೆಯಲ್ಲಿ ಬೆಳಗ್ಗೆ ಮೊದಲು ಎದ್ದವರು ಯಾರು ಅಂತ ಎಷ್ಟು ಜನ ಕೇಳಿದರು?

"ಇತಿಹಾಸ ಹೇಳಿ" ಅಂತ ಇನ್ನೊಬ್ಬರು. ಹೇಳಿದೆನಲ್ಲ! ಲಿತಾಂಗ್‌ನ ಮಠ 1580ರದ್ದು. 7ನೇ ದಲಾಯಿ ಲಾಮಾ 1708ರಲ್ಲಿ ಹುಟ್ಟಿದ್ದು ಅಲ್ಲೇ. ಸರಿ, ಆ ಮಠದಲ್ಲೂ ಎಲ್ಲರಿಗಿಂತ ಮೊದಲು ಏಳಬೇಕಾದವರು ಚಹಾ ಕಾಯಿಸುವವರೇ ಅಲ್ವಾ?

ಅಷ್ಟು ದೂರ ಬೇಡ. ಬೈಲಕುಪ್ಪೆಗೆ ಹೋಗುತ್ತೀರಿ. ಗೋಲ್ಡನ್ ಟೆಂಪಲ್ ಮುಂದೆ ಫೋಟೋ, ಒಂದು ಪ್ಲೇಟ್ ಮೊಮೊ, ವಾಪಸ್. 1960ರ ದಶಕದಲ್ಲಿ ಕಾಡು ಕಡಿದು ಅಲ್ಲಿ ಮುಸುಕಿನ ಜೋಳ ಬಿತ್ತಿದ ಟಿಬೆಟನ್ ಅಜ್ಜ ಬೆಳಗ್ಗೆ ಎಷ್ಟು ಗಂಟೆಗೆ ಏಳುತ್ತಾರೆ ಅಂತ ಕೇಳಿದ್ದೀರಾ? ಕೇಳಿಲ್ಲ. ಕೇಳಿ!

ಮುಂದಿನ ವಾರದ ಸಂಚಿಕೆ ಅಲ್ಲಿಂದಲೇ. ಕ್ಯಾಮೆರಾ ಬೆಳಗಿನ ಜಾವ 4 ಗಂಟೆಗೆ ಆನ್ ಆಗುತ್ತದೆ. ಸಬ್‌ಸ್ಕ್ರೈಬ್ ಮಾಡಿ, ನಿಮ್ಮ ಅಮ್ಮನಿಗೂ ಕಳಿಸಿ. ನಿಮ್ಮ ಊರಲ್ಲಿ ಮೊದಲು ಏಳುವವರು ಯಾರು ಅಂತ ಬರೆಯಿರಿ. ಸುಮ್ನೆ ಊಹೆ ಮಾಡಿ ಬರೆಯಬೇಡಿ. ನಾಳೆ ಎದ್ದು, ಬೀದಿಗೆ ಹೋಗಿ, ನೋಡಿಕೊಂಡು ಬಂದು ಬರೆಯಿರಿ.